ಅಂತರಿಕ್ಷದ ಬೇಸಗೆ ಶಾಲೆ

ಬಳ್ಳಾರಿಯ ಬೇಸಗೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ. ಅರಿಯದವರಿಗೆ ಎಷ್ಟು ವರ್ಣಿಸಿದರೂ ಸಾಲದು. ವೈಶಾಖ ಕಾಲಿಟ್ಟಿತೆಂದರೆ ಕೊಳಗಲ್ಲು, ಕುರುಗೋಡು, ಸಿರುಗುಪ್ಪಗಳ ಸೀಮೆಯಲ್ಲಿ ಹಗಲೆಲ್ಲ ಮನೆಯೊಳಗೆ, ಇರುಳೆಲ್ಲ ಮಾಳಿಗೆಯ ಮೇಲೆ ಎಂಬುದೇ ದಿನಚರಿ. ಕರಿಯ ಎರೆಹೊಲ ಬಾಯ್ದೆರೆದು ಬಿರಿದಿರುತ್ತದೆ. ಬಂಡೆಗಳು ಹಗಲು ಕುಡಿದ ಬಿಸಿಲನ್ನು ನಡುರಾತ್ರಿಯವರೆಗೆ ಉಸಿರಾಡುತ್ತಿರುತ್ತವೆ. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ಚಾಪೆ ಹಾಸಿ, ಮನೆಮಂದಿಯೆಲ್ಲ ಮೇಲೇರುತ್ತಾರೆ. ಹಿರಿಯರು ಊರ ಸುದ್ದಿಗೆ ತೊಡಗಿದರೆ, ಅಂಗಾತ ಮಲಗಿದ ಮಕ್ಕಳಿಗೆ ಆಕಾಶವಲ್ಲದೆ ನೋಡಲು ಬೇರೆ ಏನಿದೆ? ಉತ್ತರಕ್ಕೆ ಸಪ್ತರ್ಷಿಮಂಡಲ, ನೆತ್ತಿಯ ಬಳಿ ಸ್ವಾತಿ, ಅದಕ್ಕಿಷ್ಟು ದಕ್ಷಿಣಕ್ಕೆ ಚಿತ್ತೆ, ಆಗ್ನೇಯದಲ್ಲಿ ಮೆಲ್ಲನೆ ತಲೆಯೆತ್ತುವ ವೃಶ್ಚಿಕ. ಇವೆಲ್ಲ ಮೇ ತಿಂಗಳ ಮೊದಲ ಜಾವದ ಅತಿಥಿಗಳು.

ಆಗೊಮ್ಮೆ ಈಗೊಮ್ಮೆ ಈ ನಿಂತ ಚುಕ್ಕಿಗಳ ನಡುವೆ ನಡೆಯುವ ಚುಕ್ಕಿಯೊಂದು ಕಾಣಿಸಿಕೊಳ್ಳುವುದುಂಟು.

“ಯವ್ವಾ, ಅಲ್ನೋಡು, ಚುಕ್ಕಿ ಹೊಂಟೈತಿ!”

“ಇಮಾನ ಇದ್ದೀತು, ಸುಮ್ನ ಮಕ್ಕೋ.”

ತಾಯಿಯ ಉತ್ತರ ಬಹುಮಟ್ಟಿಗೆ ತಪ್ಪು. ವಿಮಾನಕ್ಕೆ ಮಿಣುಕುವ ಕೆಂಪು, ಹಸುರು ದೀಪಗಳಿರುತ್ತವೆ. ಮಿಣುಕದೆ, ಸದ್ದಿಲ್ಲದೆ, ಒಂದೇ ವೇಗದಲ್ಲಿ ಸಾಗಿ ನಡುಬಾನಿನಲ್ಲಿ ತಟ್ಟನೆ ಮಾಯವಾಗುವುದು ಉಪಗ್ರಹ. ಕೆಳಗೆ ಕತ್ತಲಾಗಿದ್ದರೂ ನೂರಾರು ಕಿಲೋಮೀಟರು ಎತ್ತರದಲ್ಲಿರುವ ಅದಕ್ಕೆ ಇನ್ನೂ ಬಿಸಿಲಿರುತ್ತದೆ. ಭೂಮಿಯ ನೆರಳನ್ನು ಹೊಕ್ಕೊಡನೆ ಅದರ ಹೊಳಪು ಆರುತ್ತದೆ. ಸಾವಿರಾರು ಇಂತಹ ಯಂತ್ರಗಳು ಇಂದು ಭೂಮಿಯನ್ನು ಸುತ್ತುತ್ತಿವೆ. ಅವುಗಳಲ್ಲಿ ಕೆಲವು ಹುಟ್ಟಿದ್ದು ಕೊಳಗಲ್ಲಿನಿಂದ ಒಂದು ರಾತ್ರಿಯ ರೈಲು ಪಯಣದ ದೂರದಲ್ಲಿ, ಬೆಂಗಳೂರಿನಲ್ಲಿ. ಆ ಹೆರಿಗೆಮನೆಯ ಬಾಗಿಲನ್ನು ವರ್ಷಕ್ಕೊಮ್ಮೆ, ಇದೇ ಮೇ ತಿಂಗಳಿನಲ್ಲಿ, ಹದಿನಾಲ್ಕು ಹದಿನೈದರ ಮಕ್ಕಳಿಗಾಗಿ ತೆರೆಯುತ್ತಾರೆಂಬುದು ಬಳ್ಳಾರಿಯ ಎಷ್ಟು ಮನೆಗಳಿಗೆ ಗೊತ್ತು?

ಆ ಶಾಲೆಯ ಹೆಸರು ‘ಯುವ ವಿಜ್ಞಾನಿ ಕಾರ್ಯಕ್ರಮ’, ಚುಟುಕಾಗಿ ‘ಯುವಿಕಾ’. ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆ, ಎಂದರೆ ಇಸ್ರೋ, ಇದನ್ನು 2019ರ ಮೇ ತಿಂಗಳಿನಲ್ಲಿ ಆರಂಭಿಸಿತು. ಎರಡು ವಾರಗಳ ವಸತಿ ಶಾಲೆ. ಊಟ, ವಸತಿ, ಪುಸ್ತಕ, ರೈಲಿನ ಟಿಕೆಟು, ಯಾವುದಕ್ಕೂ ಮಕ್ಕಳು ಕಾಸು ಕೊಡಬೇಕಾದುದಿಲ್ಲ. ಮಗುವನ್ನು ಕರೆತಂದು ಮರಳಿ ಕರೆದೊಯ್ಯುವ ಪೋಷಕರೊಬ್ಬರ ಪ್ರಯಾಣದ ವೆಚ್ಚವನ್ನೂ ಸಂಸ್ಥೆಯೇ ಭರಿಸುತ್ತದೆ. ಅಮೆರಿಕದ ಅಲಬಾಮಾ ಪ್ರಾಂತದ ಹಂಟ್ಸ್‌ವಿಲ್ ನಗರದಲ್ಲಿ 1982ರಿಂದಲೂ ಮಕ್ಕಳಿಗಾಗಿ ಅಂತರಿಕ್ಷ ಶಿಬಿರ ನಡೆಯುತ್ತಿದೆ; ಪ್ರಪಂಚದಲ್ಲೆಲ್ಲ ಅದು ಪ್ರಸಿದ್ಧ. ಆದರೆ ಅಲ್ಲಿ ಶುಲ್ಕ ತೆತ್ತವರಿಗೆ ಪ್ರವೇಶ. ಇಲ್ಲಿ ಅಂಕ ಪಡೆದವರಿಗೆ ಪ್ರವೇಶ. ಎರಡರಲ್ಲಿ ಯಾವುದು ಮೇಲೆಂಬುದನ್ನು ವಾಚಕರೇ ಹೇಳಬಲ್ಲರು. ಆದರೂ ಅಂಕದ ದಾರಿಗೂ ಅದರದೇ ಆದ ಮುಳ್ಳುಗಳಿವೆ. ಅದನ್ನು ಮುಂದೆ ನೋಡೋಣ.

ಮೊದಲ ವರ್ಷ ಪ್ರತಿಯೊಂದು ರಾಜ್ಯದಿಂದ ಕೇವಲ ಮೂವರು. ಆರು ಕೋಟಿಗೆ ಮಿಕ್ಕ ಕರ್ನಾಟಕಕ್ಕೂ ಮೂವರು, ಕೆಲವೇ ಲಕ್ಷ ಜನರಿರುವ ಸಿಕ್ಕಿಮಿಗೂ ಮೂವರು. ತಿರುವನಂತಪುರ, ಬೆಂಗಳೂರು, ಅಹಮದಾಬಾದು, ಶಿಲ್ಲಾಂಗುಗಳಲ್ಲಿ ಹಂಚಿಕೊಂಡು ಒಟ್ಟು 111 ಮಕ್ಕಳು ಆ ವರ್ಷ ಕಲಿತರು. ಅನಂತರ ಎರಡು ಬೇಸಗೆ ಶಾಲೆ ನಡೆಯಲಿಲ್ಲ. 2022ರಲ್ಲಿ ಮತ್ತೆ ತೆರೆದಾಗ 153 ಮಂದಿ, 2023ರಲ್ಲಿ 337, 2024ರಲ್ಲಿ 351. ಶ್ರೀಹರಿಕೋಟ, ಹೈದರಾಬಾದು, ಡೆಹರಾಡೂನುಗಳೂ ಸೇರಿ ಕೇಂದ್ರಗಳು ಏಳಾದುವು. ನಾಲ್ಕು ಶಿಬಿರಗಳ ಲೆಕ್ಕ ಕೂಡಿದರೆ 952. 2025ರ ಮೇ ತಿಂಗಳಿನಲ್ಲಿ ಮತ್ತೊಂದು ಶಿಬಿರ ನಡೆಯಿತು. ಯಾವ ಕೇಂದ್ರಕ್ಕೆ ಯಾರು ಎಂಬುದನ್ನು ಮಕ್ಕಳ ಊರು ಯಾವ ದಿಕ್ಕಿನಲ್ಲಿದೆ ಎಂದು ನೋಡಿ ಗೊತ್ತುಮಾಡುತ್ತಾರೆ. ಹಾಗಾಗಿ ಬಳ್ಳಾರಿಯ ಮಗುವಿನ ಮನಸ್ಸು ಸಹಜವಾಗಿ ಬೆಂಗಳೂರಿನ ಕೇಂದ್ರದತ್ತ ಹರಿಯುತ್ತದೆ.

ಆ ಕೇಂದ್ರದ ಹೆಸರಿನಲ್ಲಿಯೇ ಬಳ್ಳಾರಿಯ ಒಂದು ಕಥೆ ಅಡಗಿದೆ. 2018ರಲ್ಲಿ ಅದಕ್ಕೆ ಯು. ಆರ್. ರಾವ್ ಉಪಗ್ರಹ ಕೇಂದ್ರವೆಂದು ನಾಮಕರಣವಾಯಿತು. ಉಡುಪಿ ರಾಮಚಂದ್ರ ರಾಯರು ಹುಟ್ಟಿದ್ದು 1932ರಲ್ಲಿ, ಉಡುಪಿಯ ಬಳಿಯ ಅದಮಾರಿನಲ್ಲಿ. ಅಲ್ಲಿಯೇ ಮೊದಲ ಅಕ್ಷರ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಪ್ರೌಢ ವಿದ್ಯಾಭ್ಯಾಸ. ಅನಂತರ ಅವರು ಬಂದದ್ದು ಬಳ್ಳಾರಿಯ ವೀರಶೈವ ಕಾಲೇಜಿಗೆ! ಆಗ ಬಳ್ಳಾರಿ ಮದರಾಸು ಆಧಿಪತ್ಯದ ಒಂದು ಜಿಲ್ಲೆ; ಮೈಸೂರು ಸಂಸ್ಥಾನಕ್ಕೆ ಅದು ಸೇರಿದ್ದು 1953ರಲ್ಲಿ. 1945ರಲ್ಲಿ ಸ್ಥಾಪನೆಯಾದ ಕಾಲೇಜು ಆಗಿನ್ನೂ ಕೂಸು. ಇಲ್ಲಿಂದ ರಾಯರು ಅನಂತಪುರಕ್ಕೆ, ಅಲ್ಲಿಂದ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಬಳಿಗೆ ಹೋದರು. ಕರಾವಳಿಯ ಮಳೆಯಲ್ಲಿ ಬೆಳೆದ ಹುಡುಗ ಈ ಬಿಸಿಲೂರಿನಲ್ಲಿ ಕಳೆದ ದಿನಗಳು ಹೇಗಿದ್ದಿರಬಹುದೆಂದು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

1970ರ ದಶಕದ ಆರಂಭದಲ್ಲಿ ಭಾರತ ತನ್ನದೊಂದು ಉಪಗ್ರಹವನ್ನು ಕಟ್ಟಬೇಕೆಂದು ತೀರ್ಮಾನವಾದಾಗ ಆ ಹೊಣೆ ರಾಯರ ಹೆಗಲೇರಿತು. ಕಟ್ಟುವುದಕ್ಕೆ ಭವನವಿರಲಿಲ್ಲ. ಬೆಂಗಳೂರಿನ ಹೊರವಲಯದ ಪೀಣ್ಯದಲ್ಲಿ ಕಾರ್ಖಾನೆಗಳಿಗೆಂದು ಹಾಕಿದ್ದ ಶೆಡ್ಡುಗಳೇ ಪ್ರಯೋಗಾಲಯಗಳಾದುವು. ಕೆಲಸ ಮಾಡಿದವರಲ್ಲಿ ಬಹುಮಂದಿ ಆಗತಾನೇ ಕಾಲೇಜು ಮುಗಿಸಿದ ತರುಣರು. ಅವರಾರೂ ಅದಕ್ಕೆ ಮೊದಲು ಉಪಗ್ರಹವನ್ನು ಮಾಡಿದವರಲ್ಲ. 1975ರ ಏಪ್ರಿಲ್ 19ರಂದು ಸುಮಾರು 360 ಕಿಲೋಗ್ರಾಂ ತೂಕದ ‘ಆರ್ಯಭಟ’ ಸೋವಿಯತ್ ನೆಲದಿಂದ ಮೇಲೇರಿತು. ಬಳ್ಳಾರಿಯಲ್ಲಿ ಓದಿದ ಹುಡುಗ 1984ರಿಂದ ಹತ್ತು ವರ್ಷ ಇಸ್ರೋ ಅಧ್ಯಕ್ಷರಾಗಿದ್ದರು. ತೀರಿಕೊಂಡದ್ದು 2017ರಲ್ಲಿ.

ಇನ್ನು ಶಾಲೆಗೆ ಸೇರುವ ಬಗೆ. ಆ ವರ್ಷದ ಜನವರಿ ಮೊದಲ ದಿನ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಕ್ಕಳು ಮಾತ್ರ ಅರ್ಹರು. ಎಂಟನೆಯದಲ್ಲಿದ್ದರೆ ಬೇಗವಾಯಿತು, ಹತ್ತನೆಯದಕ್ಕೆ ಬಂದರೆ ತಡವಾಯಿತು. ಜೀವಮಾನದಲ್ಲಿ ಒಂದೇ ಸಲ ತೆರೆಯುವ ಬಾಗಿಲು. ಅರ್ಜಿ ಕರೆಯುವುದು ಫೆಬ್ರವರಿ ಮಾರ್ಚಿನ ಸುಮಾರಿಗೆ, ಸರಿಯಾಗಿ ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿ. ಗಡುವು ಹೆಚ್ಚೆಂದರೆ ಒಂದು ತಿಂಗಳು. ಅರ್ಜಿಯೂ ಅದರ ಜೊತೆಗಿನ ರಸಪ್ರಶ್ನೆಯೂ ಅಂತರ್ಜಾಲದಲ್ಲಿಯೇ ನಡೆಯುತ್ತವೆ.

2023ರ ಪ್ರಕಟಣೆಯಲ್ಲಿ ಅಂಕಗಳ ಹಂಚಿಕೆ ಹೀಗಿತ್ತು. ನೂರರಲ್ಲಿ ಐವತ್ತು ಅಂಕ ಎಂಟನೆಯ ತರಗತಿಯ ಪರೀಕ್ಷೆಗೆ. ಹತ್ತು ರಸಪ್ರಶ್ನೆಗೆ. ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದರೆ ಶಾಲೆಯ ಮಟ್ಟಕ್ಕೆ 2, ಜಿಲ್ಲೆಗೆ 5, ರಾಜ್ಯ ಮತ್ತು ಅದಕ್ಕೂ ಮೇಲಿನದಕ್ಕೆ 10. ವಿಜ್ಞಾನ ಸ್ಪರ್ಧೆಯ ಬಹುಮಾನಕ್ಕೆ ಗರಿಷ್ಠ 5, ಆಟದ ಗೆಲುವಿಗೆ ಗರಿಷ್ಠ 5, ಸ್ಕೌಟು, ಗೈಡು, ಎನ್.ಸಿ.ಸಿ. ಮುಂತಾದುವಕ್ಕೆ 5. ಉಳಿದ 15 ಅಂಕ ಪಂಚಾಯತಿಯ ವ್ಯಾಪ್ತಿಯ ಹಳ್ಳಿಶಾಲೆಯಲ್ಲಿ ಓದುವ ಮಗುವಿಗೆ.

ಕೊನೆಯ ಈ ಹದಿನೈದು ಅಂಕಗಳನ್ನು ಗಮನಿಸಬೇಕು. ಕೊಳಗಲ್ಲಿನ ಹುಡುಗಿಯೊಬ್ಬಳು ಎಂಟನೆಯದರಲ್ಲಿ ನೂರಕ್ಕೆ 88 ಪಡೆದಿದ್ದಾಳೆಂದು ಇಟ್ಟುಕೊಳ್ಳೋಣ. ಅದರ ಬಾಬ್ತು 44. ಹಳ್ಳಿಯ ಬಾಬ್ತು 15. ರಸಪ್ರಶ್ನೆಯಲ್ಲಿ ಏಳು, ಶಾಲೆಯ ವಿಜ್ಞಾನ ಮೇಳಕ್ಕೆ ಎರಡು. ಒಟ್ಟು 68. ದೊಡ್ಡ ನಗರದ ಹೆಸರಾಂತ ಶಾಲೆಯ ಹುಡುಗನೊಬ್ಬ ನೂರಕ್ಕೆ 98 ಪಡೆದು 49 ಗಳಿಸಿದ. ರಸಪ್ರಶ್ನೆಗೆ 9, ಜಿಲ್ಲಾ ಮೇಳಕ್ಕೆ 5, ಒಂದು ಶಾಲಾ ಸ್ಪರ್ಧೆಯ ಬಹುಮಾನಕ್ಕೆ 2. ಒಟ್ಟು 65. ಹುಡುಗಿ ಮೂರು ಅಂಕ ಮುಂದು! ಆದರೆ ಹುಡುಗ ಸ್ಕೌಟಿನ ಕೊರಳವಸ್ತ್ರವನ್ನೂ ಕಟ್ಟಿದ್ದನಾದರೆ ಅವನದು 70 ಆಗಿ, ಅವಳು ಹಿಂದೆ ಬೀಳುತ್ತಾಳೆ. ಅವಳ ಶಾಲೆಯಲ್ಲಿ ಗೈಡ್ ದಳವೇ ಇಲ್ಲದಿದ್ದರೆ ಅದು ಅವಳ ತಪ್ಪೆ? ಅವಳು ಒಳ್ಳೆಯ ಓಟಗಾರ್ತಿಯಾಗಿದ್ದೂ ತಾಲ್ಲೂಕು ಪಂದ್ಯಕ್ಕೆ ಕರೆದೊಯ್ಯುವವರಿಲ್ಲದೆ ಹೋದರೆ? ಬುದ್ಧಿಗೆ ಇಟ್ಟ ಅಂಕಗಳನ್ನು ಹಳ್ಳಿಯ ಮಗು ಹೇಗೂ ಗಳಿಸೀತು. ಅವಕಾಶಕ್ಕೆ ಇಟ್ಟ ಅಂಕಗಳನ್ನು ಗಳಿಸುವುದು ಮಗುವಿನ ಕೈಯಲ್ಲಿಲ್ಲ, ಶಾಲೆಯ ಕೈಯಲ್ಲಿದೆ. ಇಸ್ರೋದ ಹದಿನೈದು ಅಂಕ ಈ ಹಳ್ಳವನ್ನು ಬಹಳಷ್ಟು ತುಂಬುತ್ತದೆಂಬುದು ನಿಜ; ಪೂರ್ತಿ ತುಂಬುವ ಹೊಣೆ ಊರಿನ ಮಾಸ್ತರರದು.

ಇದರಲ್ಲೊಂದು ವಿನೋದವೂ ಉಂಟು. ಪಂಚಾಯತಿಯ ಊರಾದ ಕೊಳಗಲ್ಲಿನ ಮಗುವಿಗೆ ಈ ಹದಿನೈದು ಅಂಕ ದಕ್ಕುತ್ತವೆ. ಪಟ್ಟಣವೆನಿಸಿಕೊಂಡ ಕುರುಗೋಡಿನ, ಸಿರುಗುಪ್ಪದ ಮಗುವಿಗೆ ದಕ್ಕುವುದಿಲ್ಲ. ಬಿಸಿಲು ಅದೇ, ಬಸ್ಸು ಅದೇ, ಭಾಷೆ ಅದೇ. ಬೆಂಗಳೂರಿನ ಜಯನಗರವೂ ಸಿರುಗುಪ್ಪವೂ ಈ ಲೆಕ್ಕದಲ್ಲಿ ಒಂದೇ ಸಾಲಿನವು! ನಿಯಮವೆಂದರೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು, ಗೆರೆ ಎಳೆದ ಕಡೆ ಯಾರಾದರೂ ಹೊರಗುಳಿಯಲೇಬೇಕು.

ಅಂಕಗಳಾಚೆ ಮನೆಯೊಳಗಿನ ಅಳುಕು ಬೇರೆ. “ಹೆಣ್ಣುಡುಗೀನ ಹದ್ನೈದು ದಿನ ಒಬ್ಬಾಕೀನ ಹೆಂಗ ಬಿಡಾದ್ರಿ ಸಾರ್?” ಎಂದು ತಂದೆ ಕೇಳಿದರೆ ಮುಖ್ಯೋಪಾಧ್ಯಾಯರಲ್ಲಿ ಉತ್ತರ ಸಿದ್ಧವಿರಬೇಕು. ಸರ್ಕಾರದ ಸಂಸ್ಥೆಯ ಆಶ್ರಯ, ನಾಡಿನ ಮೂಲೆಮೂಲೆಯಿಂದ ಬಂದ ಅದೇ ವಯಸ್ಸಿನ ಮಕ್ಕಳ ಜೊತೆ, ಕರೆದೊಯ್ಯಲು ಬರಲು ತಂದೆಗೇ ಟಿಕೆಟು. ಇಷ್ಟನ್ನು ಸಮಾಧಾನವಾಗಿ ಕೂತು ಹೇಳುವ ಮಾಸ್ತರರೊಬ್ಬರಿದ್ದರೆ ಅರ್ಧ ಕೆಲಸವಾದಂತೆ.

ಹಾಗಾದರೆ ಆ ಎರಡು ವಾರ ಏನು ನಡೆಯುತ್ತದೆ? ವಿಜ್ಞಾನಿಗಳ ಉಪನ್ಯಾಸ, ಪ್ರಯೋಗಗಳು, ಪ್ರಯೋಗಾಲಯಗಳ ದರ್ಶನ, ರಾತ್ರಿ ದೂರದರ್ಶಕದಲ್ಲಿ ಆಕಾಶವೀಕ್ಷಣೆ. ಇವು ಶಾಲೆಯ ಅಂಗಗಳು. ಆದರೆ ಮಕ್ಕಳಿಗೆ ಹೆಚ್ಚು ಹಿಡಿಸುವುದು ಕೈಗೆ ಕೆಲಸ ಕೊಡುವ ಪಾಠಗಳೇ ಎಂಬುದನ್ನು ಹೇಳಬೇಕಾದುದಿಲ್ಲ. ಹಗುರವಾದ ಕೊಳವೆಗೆ ಬಾಲದ ರೆಕ್ಕೆ ಅಂಟಿಸಿ ಚಿಕ್ಕ ರಾಕೆಟ್ಟು ಮಾಡಿ ಹಾರಿಸುವುದು ಅದರಲ್ಲೊಂದು. ದೀಪಾವಳಿಯ ಬಾಣವನ್ನು ಬಾಟಲಿಯಲ್ಲಿಟ್ಟು ಹಾರಿಸಿದ ಎಲ್ಲರಿಗೂ ಗೊತ್ತು, ಕೆಲವು ನೆಟ್ಟಗೆ ಹೋಗುತ್ತವೆ, ಕೆಲವು ಪಕ್ಕದ ಮನೆಯ ಬಣವೆಗೆ ಹೋಗುತ್ತವೆ. ಏಕೆ ಹಾಗೆಂದು ಯಾರೂ ಕೇಳಿಕೊಳ್ಳುವುದಿಲ್ಲ. ತೂಕದ ಕೇಂದ್ರ ಮುಂದಿದ್ದು ಗಾಳಿಯ ಒತ್ತಡದ ಕೇಂದ್ರ ಹಿಂದಿದ್ದರೆ ಬಾಣ ನೇರ, ತಿರುವುಮುರುವಾದರೆ ಪಲ್ಟಿ. ಬಾಣಕ್ಕೆ ಉದ್ದವಾದ ಕಡ್ಡಿ ಇರುವುದೂ ರಾಕೆಟ್ಟಿಗೆ ರೆಕ್ಕೆ ಇರುವುದೂ ಇದಕ್ಕಾಗಿಯೇ.

ಇನ್ನೊಂದು ‘ಕ್ಯಾನ್‌ಸ್ಯಾಟ್’. ತಂಪು ಪಾನೀಯದ ತಗಡಿನ ಡಬ್ಬಿಯಷ್ಟೇ ಗಾತ್ರದ ಗೊಂಬೆ ಉಪಗ್ರಹ. ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಟ್ವಿಗ್ಸ್ 1998ರಲ್ಲಿ ಈ ಯೋಚನೆಯನ್ನು ಮುಂದಿಟ್ಟರು. ಡಬ್ಬಿಯೊಳಗೆ ಉಷ್ಣತೆಯನ್ನೂ ವಾಯುವಿನ ಒತ್ತಡವನ್ನೂ ಅಳೆಯುವ ಚಿಕ್ಕ ಉಪಕರಣಗಳು, ಅಳೆದುದನ್ನು ಕೆಳಕ್ಕೆ ತಿಳಿಸುವ ರೇಡಿಯೋ, ಒಂದು ವಿದ್ಯುತ್ಕೋಶ. ಮೇಲಕ್ಕೊಯ್ದು ಬಿಟ್ಟರೆ ಪ್ಯಾರಾಚೂಟಿನಲ್ಲಿ ತೇಲಿ ಇಳಿಯುತ್ತ, ತಾನು ಕಂಡುದನ್ನೆಲ್ಲ ಒಪ್ಪಿಸುತ್ತದೆ. ಎತ್ತರಕ್ಕೆ ಹೋದಂತೆ ಒತ್ತಡ ಕಡಮೆಯಾಗುವುದೆಂದು ಪುಸ್ತಕದಲ್ಲಿ ಉರುಹೊಡೆದ ಮಗು, ತಾನೇ ಜೋಡಿಸಿದ ಡಬ್ಬಿಯಿಂದ ಆ ಮಾತನ್ನು ಕೇಳಿದಾಗ ಅದು ಬೇರೆಯೇ ಮಾತು.

ಉಪಗ್ರಹ ಏಕೆ ಬೀಳುವುದಿಲ್ಲವೆಂಬುದು ಮಕ್ಕಳ ಮೊದಲ ಪ್ರಶ್ನೆ. ಬಳ್ಳಾರಿ ಸೀಮೆಯ ಮಗುವಿಗೆ ಇದನ್ನು ತಿಳಿಸಲು ಕವಣೆ ಸಾಕು. ಜೋಳದ ಹೊಲದ ಅಟ್ಟಣೆಯಲ್ಲಿ ನಿಂತು ಹಕ್ಕಿ ಓಡಿಸಲು ಬೀಸುವ ಕಲ್ಲು ಸ್ವಲ್ಪ ದೂರ ಹೋಗಿ ಬೀಳುತ್ತದೆ. ಇನ್ನೂ ಬಿರುಸಾಗಿ ಬೀಸಿದರೆ ಇನ್ನೂ ದೂರ. ಭೂಮಿ ಗುಂಡಗಿರುವುದರಿಂದ, ಕಲ್ಲು ಬಾಗಿ ಬೀಳುವಷ್ಟೇ ಪ್ರಮಾಣದಲ್ಲಿ ನೆಲವೂ ಕೆಳಕ್ಕೆ ಬಾಗುತ್ತ ಹೋಗುವಷ್ಟು ಬಿರುಸಾಗಿ ಬೀಸಿದ್ದೇ ಆದರೆ? ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ಮುಟ್ಟುವುದೇ ಇಲ್ಲ. ಉಪಗ್ರಹ ಬೀಳದೆ ನಿಂತದ್ದಲ್ಲ; ಎಡೆಬಿಡದೆ ಬೀಳುತ್ತಿರುವ ಕಲ್ಲು. ಅದಕ್ಕೆ ಬೇಕಾದ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕದ್ದು. ರೈಲು ರಾತ್ರಿಯಿಡೀ ಸಾಗುವ ಬಳ್ಳಾರಿ-ಬೆಂಗಳೂರು ಅಂತರವನ್ನು ಅದು ಸುಮಾರು ನಲವತ್ತು ಸೆಕೆಂಡುಗಳಲ್ಲಿ ದಾಟುತ್ತದೆ.

ಉಪಗ್ರಹವನ್ನು ಜೋಡಿಸುವ ಕೋಣೆಯ ವಿಷಯ ಬಳ್ಳಾರಿಯವರಿಗೆ ಅಚ್ಚರಿಯೆನಿಸೀತು. ಅದಿರಿನ ಲಾರಿಗಳ ಕೆಂಧೂಳಿನ ನಡುವೆ ಬೆಳೆದವರಿಗೆ ಧೂಳೇ ಇಲ್ಲದ ಕೋಣೆಯೊಂದಿದೆಯೆಂದರೆ! ಅಲ್ಲಿ ಗಾಳಿಯನ್ನು ಎಡೆಬಿಡದೆ ಸೋಸುತ್ತಾರೆ. ಒಳಹೊಗುವವರು ಬಿಳಿಯ ನಿಲುವಂಗಿ, ತಲೆಗವಸು, ಕಾಲ್ಚೀಲ ತೊಡಬೇಕು. ಒಂದು ಕೂದಲೆಳೆ, ಒಂದು ಧೂಳಿನ ಕಣ ಕೋಟ್ಯಂತರ ರೂಪಾಯಿಯ ಯಂತ್ರವನ್ನು ಕೆಡಿಸಬಹುದು. ಮೇಲೆ ಹೋದಮೇಲೆ ರಿಪೇರಿಗೆ ಯಾರೂ ಹೋಗುವಂತಿಲ್ಲ. ಅಲ್ಲಿಯೇ ಇನ್ನೊಂದು ದೊಡ್ಡ ಉಕ್ಕಿನ ಹಂಡೆಯೊಳಗೆ ಗಾಳಿಯನ್ನೆಲ್ಲ ಹೀರಿ ತೆಗೆದು, ಒಮ್ಮೆ ಸುಡು ಬಿಸಿ, ಒಮ್ಮೆ ಕೊರೆಯುವ ಚಳಿ ಮಾಡಿ ಉಪಗ್ರಹದ ತಾಳ್ಮೆಯನ್ನು ಪರೀಕ್ಷಿಸುತ್ತಾರೆ. ಬಿಸಿಲು ನೆರಳುಗಳ ಈ ಹೊಡೆತವನ್ನು ಅದು ದಿನಕ್ಕೆ ಹತ್ತಾರು ಸಲ ಉಣ್ಣಬೇಕಲ್ಲ.

ಭಾಷೆಯ ತೊಡಕನ್ನು ಮುಚ್ಚಿಡುವುದು ಬೇಡ. ನಾನಾ ರಾಜ್ಯಗಳ ಮಕ್ಕಳೂ ನಾನಾ ರಾಜ್ಯಗಳ ವಿಜ್ಞಾನಿಗಳೂ ಒಂದೆಡೆ ಕಲೆತಾಗ ಇಂಗ್ಲಿಷೋ ಹಿಂದಿಯೋ ಮುಂದೆ ಬರುವುದು ಸಹಜ. ಕನ್ನಡ ಮಾಧ್ಯಮದ ಮಗುವಿಗೆ ಮೊದಲ ಎರಡು ಮೂರು ದಿನ ಕಿವಿಗೆ ಹತ್ತಿ ತುರುಕಿದಂತಾದೀತು. ಆದರೆ ‘ಆರ್ಬಿಟ್’ ಎಂದರೆ ತಾನು ಓದಿದ ಕಕ್ಷೆಯೇ, ‘ಗ್ರ್ಯಾವಿಟಿ’ ಎಂದರೆ ಗುರುತ್ವವೇ ಎಂದು ಒಮ್ಮೆ ಹೊಳೆದರೆ ಮುಂದಿನದು ಸುಗಮ. ವಿಷಯವನ್ನು ತಾಯ್ನುಡಿಯಲ್ಲಿ ಗಟ್ಟಿಯಾಗಿ ತಿಳಿದವನಿಗೆ ಇಂಗ್ಲಿಷಿನ ಹೆಸರು ಕಲಿಯಲು ವಾರ ಸಾಕು. ಹೆಸರನ್ನು ಮಾತ್ರ ಕಲಿತವನಿಗೆ ವಿಷಯ ತಿಳಿಯಲು ವರ್ಷ ಬೇಕು. ಕಾರಂತರು 1936ರಲ್ಲಿಯೇ ‘ಬಾಲಪ್ರಪಂಚ’ವನ್ನು ಬರೆದ ನಾಡು ಇದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ವನ್ನು ಶಾಲೆಯ ಬೀರುವಿನಿಂದ ತೆಗೆದು ಮಕ್ಕಳ ಕೈಗೆ ಕೊಟ್ಟರೆ ರಸಪ್ರಶ್ನೆಯ ಅರ್ಧ ಸಿದ್ಧತೆ ಆದಂತೆಯೇ.

ದೂರದ ಊರೂ ಪರಭಾಷೆಯೂ ಕೊಳಗಲ್ಲಿಗೆ ಹೊಸತಲ್ಲವೆಂಬುದಕ್ಕೆ ಕಲ್ಲಿನ ಸಾಕ್ಷ್ಯವಿದೆ. ಈ ಊರಿನ ಕ್ರಿ.ಶ. 967ರ ಶಾಸನ ಇತಿಹಾಸಜ್ಞರಿಗೆ ಬಹು ಬೇಕಾದದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದ ಕಾಲವನ್ನು ಗೊತ್ತುಮಾಡುವುದು ಅದೇ. ಅದರಲ್ಲಿ ಕಾಣಿಸಿಕೊಳ್ಳುವ ಗದಾಧರನೆಂಬ ಯತಿ ವರೇಂದ್ರದವನು, ಎಂದರೆ ಬಂಗಾಳದ ಉತ್ತರ ಭಾಗದವನು. ಅಷ್ಟು ದೂರದಿಂದ ಬಂದು ಇಲ್ಲಿ ಕಾರ್ತಿಕೇಯನ ಗುಡಿಯನ್ನು ಕಟ್ಟಿಸಿದ. ಸಾವಿರ ವರ್ಷದ ಹಿಂದೆ ಬಂಗಾಳದಿಂದ ಕೊಳಗಲ್ಲಿಗೆ ಬರಬಹುದಾಗಿದ್ದರೆ, ಇಂದು ಕೊಳಗಲ್ಲಿನಿಂದ ಬೆಂಗಳೂರಿಗೆ ಹೋಗುವುದೇನು ಮಹಾ!

ಇತ್ತೀಚೆಗೆ ಅಂತರಿಕ್ಷವೇ ಬಳ್ಳಾರಿಯ ಮಗ್ಗುಲಿಗೆ ಬಂದಿದೆ. ನೂರು ಕಿಲೋಮೀಟರಿನ ಆಸುಪಾಸಿನ ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿ, ಚಂದ್ರಯಾನದ ಉಪಕರಣಗಳ ಕಣ್ಣನ್ನು ಪರೀಕ್ಷಿಸಿದರು. 2023ರ ಏಪ್ರಿಲ್ 2ರ ಬೆಳಗ್ಗೆ ಅದೇ ಸೀಮೆಯ ವಿಮಾನ ಪರೀಕ್ಷಾ ನೆಲೆಯಲ್ಲಿ, ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೊಯ್ದು ಬಿಟ್ಟ ರೆಕ್ಕೆಯ ವಾಹನವೊಂದು ಯಾರ ನೆರವೂ ಇಲ್ಲದೆ ತಾನೇ ದಾರಿ ಹುಡುಕಿ ಓಡುಹಾದಿಗೆ ಇಳಿಯಿತು. ಅದೇ ವರ್ಷ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮ್ ಚಂದ್ರನ ನೆಲವನ್ನು ಮುಟ್ಟಿತು.

ಆ ಸಂಜೆ ನಾಡಿನ ಮಕ್ಕಳೆಲ್ಲ ಕುಣಿದರು. ಆದರೆ ಆ ಮಕ್ಕಳ ಅಣ್ಣ ಅಕ್ಕಂದಿರ ಒಂದು ಗುಂಪನ್ನು ನೆನೆಯದೆ ಈ ಶಾಲೆಯ ಕಥೆ ಪೂರ್ತಿಯಾಗದು. 2020ರ ಮೇ ತಿಂಗಳಿಗೆಂದು ಯುವಿಕಾ ಶಿಬಿರ ಗೊತ್ತಾಗಿತ್ತು. ಅರ್ಜಿಗಳನ್ನೂ ಕರೆದಿದ್ದರು. ಅಷ್ಟರಲ್ಲಿ ಕೊರೋನಾ ರೋಗ ಬಂದು ಶಾಲೆ, ರೈಲು, ಪೇಟೆ ಎಲ್ಲಕ್ಕೂ ಬೀಗ ಬಿತ್ತು. 2021ರಲ್ಲಿಯೂ ಅದೇ ಗತಿ. ಆ ಎರಡು ವರ್ಷ ಒಂಬತ್ತನೆಯ ತರಗತಿಯಲ್ಲಿದ್ದವರು, 2022ರಲ್ಲಿ ಬಾಗಿಲು ಮತ್ತೆ ತೆರೆಯುವ ಹೊತ್ತಿಗೆ, ಒಂಬತ್ತನ್ನು ದಾಟಿಯಾಗಿತ್ತು. ಮಾಳಿಗೆಯ ಮೇಲೆ ಮಲಗಿ ನಡೆಯುವ ಚುಕ್ಕಿಯನ್ನು ಎಣಿಸಿದ್ದವರು ಅವರಲ್ಲಿಯೂ ಇದ್ದಿರಬೇಕು.

ಅರ್ಜಿಗೆ ಬೇಕಾದುದು ಹೆಚ್ಚೇನಿಲ್ಲ: ಮುಖ್ಯೋಪಾಧ್ಯಾಯರು ದೃಢೀಕರಿಸಿದ ಎಂಟನೆಯ ತರಗತಿಯ ಅಂಕಪಟ್ಟಿ, ಮೇಳ ಸ್ಪರ್ಧೆಗಳ ಪ್ರಶಸ್ತಿಪತ್ರಗಳಿದ್ದರೆ ಅವು, ಅಂತರ್ಜಾಲ ಸಿಗುವ ಒಂದು ಫೋನು, ಮತ್ತು ಫೆಬ್ರವರಿಯಿಂದಲೇ ಪತ್ರಿಕೆಯ ಮೇಲೆ ಕಣ್ಣಿಟ್ಟಿರುವ ಒಬ್ಬ ಮಾಸ್ತರರು. ಆಯ್ಕೆಯಾದ ಮಗುವಿನ ಚೀಲದಲ್ಲಿ ಬಟ್ಟೆಯ ಜೊತೆಗೆ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಪುಡಿಯೂ ಇದ್ದೀತು. ಹಂಪಿ ಎಕ್ಸ್‌ಪ್ರೆಸ್ಸು ರಾತ್ರಿ ಬಳ್ಳಾರಿಯ ನಿಲ್ದಾಣವನ್ನು ಬಿಟ್ಟು, ಗುಂತಕಲ್ಲಿನ ದಾರಿ ಹಿಡಿದು, ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ನಿಲ್ಲುತ್ತದೆ.